ನಮ್ಮ ಅಡ್ಡರಸ್ತೆಯ ದುಡ್ಡಿನ ಬೆನ್ನು ಹತ್ತಿ

ನಮ್ಮ ಬೆಂಗಳೂರಿನಲ್ಲಿ ಏಪ್ರಿಲ್‌ ತಿಂಗಳಲ್ಲೇ ಮನೆ ಕಂದಾಯ ಕಟ್ಟಿದರೆ ಶೇಕಡಾ 5 ರಿಯಾಯಿತಿ. ಅದನ್ನು ತಪ್ಪಿಸಿಕೊಳ್ಳಬಾರದು ಅಂತ ನಮ್ಮ ಅತ್ತೆ ಯುಗಾದಿಯಿಂದಲೇ ಜ್ಞಾಪಿಸುತ್ತಿರುತ್ತಾರೆ. 2024ರಲ್ಲೂ ಕಟ್ಟಿ ರಸೀದಿ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ನೋಡಿ ಕೇಳಿದರು: "ಇಷ್ಟೊಂದು ಕಟ್ತೀವಲ್ಲಮ್ಮಾ, ಬಾಗಿಲ ಮುಂದಿನ ರಸ್ತೆ ಮಾತ್ರ ಯಾಕೆ ಹಿಂಗಿದೆ?"

ನಾನು ಒಂದು ಸಣ್ಣ ಕಂಪನಿಯಲ್ಲಿ ಲೆಕ್ಕ ಬರೆಯುವವಳು. ಬಂದ ದುಡ್ಡು, ಹೋದ ದುಡ್ಡು ತಾಳೆ ಆಗದಿದ್ದರೆ ಮನಸ್ಸಿಗೆ ಸಮಾಧಾನ ಇರಲ್ಲ. ಹಿಂದಿನ ವರ್ಷವಷ್ಟೇ ಡಾಂಬರು ಹಾಕಿದ್ದ ರಸ್ತೆ ಅದು. ನಾಲ್ಕು ತಿಂಗಳಿಗೆ ಯಾರೋ ಬಂದು ಪೈಪಿಗೆ ಅಂತ ಅಗೆದರು, ಮೇಲೆ ಮಣ್ಣು ಎಳೆದು ಹೋದರು. ಸರಿ, ಈ ಒಂದು ರಸ್ತೆಯ ಲೆಕ್ಕವನ್ನಾದರೂ ಹುಡುಕೋಣ ಅಂತ ಕೂತೆ.

ಮೊದಲು ಅದೇ ರಸೀದಿ ನೋಡಿದೆ. ತೆರಿಗೆಯ ಕೆಳಗೆ ಸೆಸ್ ಅಂತ ಒಂದು ಸಾಲು ಇರುತ್ತದಲ್ಲ, ಅದರಲ್ಲಿ ಗ್ರಂಥಾಲಯದ್ದು ತೆರಿಗೆಯ ನೂರಕ್ಕೆ 6 ರೂಪಾಯಿ, ಭಿಕ್ಷುಕರ ಪುನರ್ವಸತಿಯದ್ದು 3. ಇವು ಪಾಲಿಕೆಯ ದುಡ್ಡೇ ಅಲ್ಲ. ವಸೂಲಿ ಮಾಡಿ ಗ್ರಂಥಾಲಯ ಇಲಾಖೆಗೆ, ಮಾಗಡಿ ರಸ್ತೆಯ ನಿರಾಶ್ರಿತರ ಕೇಂದ್ರ ನಡೆಸುವ ಸಮಿತಿಗೆ ದಾಟಿಸಬೇಕು. ಇಪ್ಪತ್ತು ವರ್ಷದಿಂದ ಕಟ್ಟುತ್ತಿದ್ದೇವೆ, ಇದನ್ನು ನಾನು ಒಮ್ಮೆಯೂ ಓದಿರಲಿಲ್ಲ.

ಆಮೇಲೆ ಬಿಬಿಎಂಪಿಯ, ಅಂದರೆ ಆಗಿನ ಬೆಂಗಳೂರು ಮಹಾನಗರ ಪಾಲಿಕೆಯ, ಬಜೆಟ್ ಪುಸ್ತಕ ಇಳಿಸಿಕೊಂಡೆ. ಇಲ್ಲಿ ನಾನು ಮಾಡಿದ ದಡ್ಡತನ ಹೇಳಿಬಿಡುತ್ತೇನೆ. ನಮ್ಮ ರಸ್ತೆ ಹೆಸರು ಹಾಕಿ ಹುಡುಕಿದೆ! ಎಲ್ಲಿ ಸಿಗುತ್ತೆ? ಅಲ್ಲಿರುವುದು ಲೆಕ್ಕಶೀರ್ಷಿಕೆಗಳು, ಅಂದರೆ ಖರ್ಚಿನ ಬಗೆಗಳ ಹೆಸರು. ಪ್ರತಿಯೊಂದಕ್ಕೂ ಪಿ-ಕೋಡ್ ಅನ್ನುವ ಒಂದು ಗುರುತಿನ ಸಂಖ್ಯೆ, ಪಕ್ಕದಲ್ಲಿ ಲಕ್ಷಗಳಲ್ಲಿ ಒಂದು ಮೊತ್ತ. ಇಂಥ ಒಂದೊಂದು ಮೊತ್ತದ ಹೊಟ್ಟೆಯಲ್ಲಿ ಸಾವಿರಾರು ಕಾಮಗಾರಿ ಇರುತ್ತವೆ.

ಆದರೆ ಪುಸ್ತಕ ಓದುವ ಒಂದು ಕ್ರಮ ಕಲಿತೆ. ಪೇಪರಿನಲ್ಲಿ ಬರುವ ದೊಡ್ಡ ಅಂಕಿ ಮುಂದಿನ ವರ್ಷದ ಅಂದಾಜು. ಅದೇ ಸಾಲಿನಲ್ಲಿ ಈ ವರ್ಷದ ಪರಿಷ್ಕೃತ ಅಂದಾಜು ಇರುತ್ತೆ, ಹಿಂದಿನ ವರ್ಷ ನಿಜವಾಗಿ ಎಷ್ಟು ಖರ್ಚಾಯಿತು ಅಂತಲೂ ಇರುತ್ತೆ. ನಾನು ಈಗ ಮೊದಲು ನೋಡುವುದು ಆ ಕೊನೆಯದನ್ನೇ. ಮದುವೆಗೆ ಹತ್ತು ಲಕ್ಷ ಖರ್ಚು ಮಾಡ್ತೀವಿ ಅಂದವರ ಮಾತಿಗಿಂತ ಛತ್ರದ ಬಿಲ್ಲು ನಂಬುವುದು ಒಳ್ಳೆಯದು, ಅಲ್ವಾ? 2024-25ಕ್ಕೆ ಸುಮಾರು 12,369 ಕೋಟಿ ಇದ್ದ ಬಿಬಿಎಂಪಿ ಬಜೆಟ್ 2025-26ಕ್ಕೆ 19,927 ಕೋಟಿ ಆಯಿತು. ನಮ್ಮ ಕಂದಾಯ ಹಂಗೆ ಏರಿತು ಅಂತಲ್ಲ. ರಾಜ್ಯ ಸರ್ಕಾರ ಬೆಂಗಳೂರಿಗೆ ಕೊಡುವ ವರ್ಷದ ಅನುದಾನವನ್ನು 3,000 ಕೋಟಿಯಿಂದ 7,000 ಕೋಟಿಗೆ ಏರಿಸಿತ್ತು. ಹೆಚ್ಚಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಂದಲೇ.

ಇನ್ನೊಂದು ವಿಷಯ ತಲೆಗೆ ಹೋಗಲು ತಿಂಗಳುಗಟ್ಟಲೆ ಬೇಕಾಯಿತು. ಊರಿಗೆ ಒಂದೇ ಜೇಬು ಇಲ್ಲ. ಕುಡಿಯುವ ನೀರು, ಒಳಚರಂಡಿ ಜಲಮಂಡಳಿಯದ್ದು. ಮಳೆನೀರು ಹೋಗುವ ರಾಜಕಾಲುವೆ ಪಾಲಿಕೆಯದ್ದು. ಬೀದಿದೀಪ ಪಾಲಿಕೆಯದ್ದು, ಅದಕ್ಕೆ ಕರೆಂಟ್ ಕೊಡುವುದು ಬೆಸ್ಕಾಂ, ಬಿಲ್ಲು ಮತ್ತೆ ಪಾಲಿಕೆಯ ತಲೆಗೆ. ಬಸ್ಸು ಬಿಎಂಟಿಸಿ, ಲೇಔಟ್ ಬಿಡಿಎ, ಮೆಟ್ರೋ ಬೇರೆಯೇ ಕಂಪನಿ. ಕಾವೇರಿ 5ನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆ ಆಯಿತಲ್ಲ, 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ. ಅದಕ್ಕೆ ಜಪಾನಿನ ನೆರವು ಸಂಸ್ಥೆ ಜೈಕಾದ ಸಾಲ ಇದೆ. ಜಲಮಂಡಳಿಯ ಲೆಕ್ಕ ಅದು, ಪಾಲಿಕೆ ಬಜೆಟ್ಟಿನಲ್ಲಿ ಹುಡುಕಿದರೆ ಸಿಗಲ್ಲ. ಕಸಕ್ಕೂ ಈಗ ಬೇರೆ ಕಂಪನಿ ಇದೆ. 2025ರ ಕಂದಾಯದ ಜೊತೆ ಕಸದ ಶುಲ್ಕ ಸೇರಿತು. 600ರಿಂದ 1,000 ಚದರಡಿಯ ನಮ್ಮಂಥ ಮನೆಗೆ ತಿಂಗಳಿಗೆ 50 ರೂಪಾಯಿ. ಕಟ್ಟುವ ಜಾಗ ಒಂದೇ, ಹೋಗುವ ದಾರಿ ಬೇರೆ.

ರಸ್ತೆ ವಿಷಯಕ್ಕೆ ಬರುತ್ತೇನೆ. ಪ್ರತಿ ಕಾಮಗಾರಿಗೂ ಜಾಬ್ ಕೋಡ್ ಅಂತ ಒಂದಿರುತ್ತೆ. ಮೊದಲು ವಾರ್ಡ್ ನಂಬರ್, ಆಮೇಲೆ ವರ್ಷ, ಕೊನೆಗೆ ಕ್ರಮಸಂಖ್ಯೆ. ಇದು ಸಿಕ್ಕಿತೋ, ಅರ್ಧ ಕೆಲಸ ಮುಗಿಯಿತು. ನನಗೆ ಸಿಗಲಿಲ್ಲ, ಹಾಗಾಗಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. "ನಮ್ಮ ವಾರ್ಡಿನ ಐದು ವರ್ಷದ ಎಲ್ಲಾ ಖರ್ಚು, ರಸ್ತೆ, ಚರಂಡಿ, ದೀಪ, ಪಾರ್ಕು" ಅಂತ ಎರಡು ಪುಟ. ವಾಪಸ್ ಬಂತು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಬೈದುಕೊಂಡೇ ಮತ್ತೆ ಬರೆದೆ: ಇಂಥ ಅಡ್ಡರಸ್ತೆಗೆ ಇಂಥ ವರ್ಷ ಡಾಂಬರು ಹಾಕಿದ ಕಾಮಗಾರಿಯ ಜಾಬ್ ಕೋಡ್, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ ಮತ್ತು ಬಿಲ್ಲಿನ ದೃಢೀಕೃತ ಪ್ರತಿ ಕೊಡಿ. ಅಷ್ಟೇ. 10 ರೂಪಾಯಿ ಪೋಸ್ಟಲ್ ಆರ್ಡರ್ ಲಗತ್ತಿಸಿದೆ. ಈ ಸಲ ಪ್ರತಿಗಳು ಬಂದವು, ಪುಟಕ್ಕೆ 2 ರೂಪಾಯಿಯಂತೆ.

ಎಲ್ಲದರಲ್ಲೂ ರುಚಿಯಾದದ್ದು ಅಳತೆ ಪುಸ್ತಕ. ಎಂಬಿ ಅಂತಾರೆ. ಕೈಬರಹದಲ್ಲಿ ಉದ್ದ, ಅಗಲ, ದಪ್ಪ, ಗುಣಿಸಿದ ಲೆಕ್ಕ. ಬಿಲ್ಲು ಹುಟ್ಟುವುದು ಇದರಿಂದಲೇ. ಅದರಲ್ಲಿ ಉದ್ದ 140 ಮೀಟರ್ ಅಂತಿತ್ತು. ಪಕ್ಕದ ಮನೆ ಹುಡುಗನನ್ನು ಕರೆದುಕೊಂಡು ಭಾನುವಾರ ಬೆಳಿಗ್ಗೆ ಟೇಪ್ ಹಿಡಿದೆ. 112! ಮೈಯೆಲ್ಲಾ ಬೆಚ್ಚಗಾಯಿತು. ಸಿಕ್ಕಿಬಿದ್ದರು ಅಂದುಕೊಂಡು ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿಯೂ ಬಿಟ್ಟೆ.

ಸೋಮವಾರ ಪಾಲಿಕೆಯ ಎಂಜಿನಿಯರ್ ಹತ್ತಿರ ಹೋದೆ. ಅವರು ನಕ್ಷೆ ಬಿಡಿಸಿ, "ಮೇಡಂ, ಹಿಂದಿನ ಕನ್ಸರ್ವೆನ್ಸಿ ಲೇನ್ ಅಳೆದ್ರಾ?" ಅಂದರು. ಅಳೆದಿರಲಿಲ್ಲ. ಮನೆಗಳ ಬೆನ್ನಿಗಿರುವ ಆ ಸಂದಿಯ 28 ಮೀಟರ್ ಕೂಡ ಅದೇ ಜಾಬ್ ಕೋಡಿನಲ್ಲಿತ್ತು. ಗ್ರೂಪಿನಲ್ಲಿ ಕ್ಷಮೆ ಕೇಳಿದೆ. ಮೂರು ದಿನ ಯಾರಿಗೂ ಮುಖ ತೋರಿಸಲು ಆಗಲಿಲ್ಲ.

ಆದರೆ ಹೋಗಿದ್ದು ದಂಡ ಆಗಲಿಲ್ಲ. ಮಾತಿನ ನಡುವೆ ಅವರೇ ಇನ್ನೊಂದು ಕಡತ ತೆಗೆದರು. ಬೆಂಗಳೂರಿನಲ್ಲಿ ರಸ್ತೆ ಅಗೆಯುವ ಸಂಸ್ಥೆ ಸಾಮಾನ್ಯವಾಗಿ ಮೊದಲೇ ದುಡ್ಡು ಕಟ್ಟಿ ಅನುಮತಿ ತೆಗೆದುಕೊಳ್ಳುತ್ತೆ. ನಮ್ಮ ರಸ್ತೆಗೂ ಕಟ್ಟಿದ್ದರು. ಅಂದರೆ ಗುಂಡಿ ಮುಚ್ಚುವ ದುಡ್ಡು ಅಗೆದ ದಿನವೇ ಬಂದು ಕೂತಿತ್ತು. ಅಗೆದವರು "ನಾವು ಕಟ್ಟಿದ್ದೀವಿ" ಅಂತಾರೆ, ಮುಚ್ಚಬೇಕಾದವರು "ಕೆಲಸ ಮುಗೀತು ಅಂತ ಅವರು ಪತ್ರ ಕೊಟ್ಟಿಲ್ಲ" ಅಂತಾರೆ. ಯಾರು ಯಾರು ಅಂತ ಹೆಸರು ಬೇಡ. ಒಂದು ಪತ್ರಕ್ಕೆ ಏಳು ತಿಂಗಳು ಮಣ್ಣು ತುಳಿದಿದ್ದೆವು. ಚಲನ್ ನಂಬರ್ ಬರೆದುಕೊಂಡು ಎರಡೂ ಕಡೆ ಒಂದೇ ದಿನ ಅರ್ಜಿ ಕೊಟ್ಟೆ, ಒಬ್ಬರ ಅರ್ಜಿಯ ಪ್ರತಿ ಇನ್ನೊಬ್ಬರಿಗೆ ಲಗತ್ತಿಸಿ. ಐದು ವಾರದಲ್ಲಿ ಡಾಂಬರು ಬಂತು.

ಇದನ್ನೆಲ್ಲ ಒಬ್ಬ ಕಾರ್ಪೊರೇಟರ್ ಫೋನಿನಲ್ಲೇ ಮುಗಿಸುತ್ತಿದ್ದರೇನೋ. ಆದರೆ ಆಗ ಕಾರ್ಪೊರೇಟರ್‌ಗಳೇ ಇರಲಿಲ್ಲ. ಬಿಬಿಎಂಪಿಯ ಕೊನೆಯ ಚುನಾವಣೆ ಆದದ್ದು 2015ರಲ್ಲಿ, ಗೆದ್ದವರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಬಂದವು. ವಾರ್ಡ್‌ಗಳ ಗಡಿ, ನಂಬರು ಎಲ್ಲ ಬದಲು. ನೀವೂ ಇಂಥ ಕೆಲಸಕ್ಕೆ ಇಳಿಯುವುದಾದರೆ ನಿಮ್ಮ ಹಳೆಯ ವಾರ್ಡ್ ನಂಬರ್, ಊರಿಗೆ 198 ವಾರ್ಡ್ ಇದ್ದ ಕಾಲದ್ದು, ಎಲ್ಲಾದರೂ ಬರೆದಿಟ್ಟುಕೊಳ್ಳಿ. ನನಗೆ ಸಿಕ್ಕ ಜಾಬ್ ಕೋಡ್ ಆ ನಂಬರಿನಿಂದಲೇ ಶುರುವಾಗುತ್ತೆ. ಹಾಂ, ಟೇಪ್ ಹಿಡಿಯುವ ಮೊದಲು ಹಿಂದಿನ ಸಂದಿಯನ್ನೂ ಒಮ್ಮೆ ನೋಡಿಬನ್ನಿ.