ಕೀಟನಾಶಕ ಅಂಗಡಿ: ಲೈಸೆನ್ಸ್ ಗೋಡೆಗೆ ತೂಗುಹಾಕಿದ ಮೇಲಿನ ಕೆಲಸ

ಕೀಟನಾಶಕ ಮಾರುವವರು ಕೇಸಿಗೆ ಸಿಕ್ಕಿಬೀಳುವುದು ಸಾಮಾನ್ಯವಾಗಿ ಲೈಸೆನ್ಸ್ ಇಲ್ಲ ಅಂತಲ್ಲ. ಲೈಸೆನ್ಸು ಫ್ರೇಮ್ ಹಾಕಿಸಿಕೊಂಡು ದೇವರ ಫೋಟೊ ಪಕ್ಕದಲ್ಲೇ ತೂಗುತ್ತಿರುತ್ತದೆ. ಅದರ ಕೆಳಗಿನ ಶೆಲ್ಫಿನ ಬಾಟಲಿ ಯಾರಿಂದ ಬಂತು, ಯಾವ ಬಿಲ್ಲಿನಲ್ಲಿ ಬಂತು ಎಂದು ಪರಿವೀಕ್ಷಕರು ಕೇಳಿದಾಗ ಮಾಲೀಕರು ತಲೆ ಕೆರೆದುಕೊಳ್ಳುತ್ತಾರೆ. 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳು ಎಂದರೆ ಅರ್ಜಿ ಹಾಕುವ ದಿನದ ವ್ಯವಹಾರ ಎಂದುಕೊಂಡವರೇ ಜಾಸ್ತಿ. ಮುಂಗಾರಿಗೆ ಹೊಸದಾಗಿ ಅಂಗಡಿ ತೆರೆಯುವವರು ಮತ್ತು ಅಪ್ಪನ ಅಂಗಡಿಯಲ್ಲಿ ಈಗಷ್ಟೇ ಕೂತವರು ಇದನ್ನು ಓದಿಕೊಳ್ಳಲಿ.

ಒಂದು: ಓದು, ಜಾಗ

ಕೃಷಿ, ರಸಾಯನ ವಿಜ್ಞಾನ, ಸಸ್ಯ ಅಥವಾ ಪ್ರಾಣಿ ವಿಜ್ಞಾನದಂಥ ವಿಷಯದಲ್ಲಿ ಪದವಿ ಇದ್ದರೆ ಸರಿ. ಇಲ್ಲದವರು ಹೈದರಾಬಾದಿನ ಮ್ಯಾನೇಜ್ ಸಂಸ್ಥೆ ಕೃಷಿ ಪರಿಕರ ಮಾರುವವರಿಗೆಂದೇ ರೂಪಿಸಿರುವ ‘ದೇಸಿ’ ಡಿಪ್ಲೊಮಾ ಸೇರಿಕೊಳ್ಳಿ. ವಾರಕ್ಕೊಂದು ದಿನದಂತೆ ಒಂದು ವರ್ಷ, ಅಂಗಡಿ ಮುಚ್ಚಬೇಕಿಲ್ಲ. ಬೇರೆಯವರ ಸರ್ಟಿಫಿಕೇಟ್ ಬಾಡಿಗೆಗೆ ತಂದು ಲೈಸೆನ್ಸ್ ಮಾಡಿಸುವ ದಾರಿಯನ್ನು ಯಾರಾದರೂ ತೋರಿಸಿಯೇ ತೋರಿಸುತ್ತಾರೆ. ಬೇಡ.

ಅಂಗಡಿ ಪೇಟೆಯಲ್ಲಿ, ಗೋದಾಮು ಊರಾಚೆ ಎಂದಾದರೆ ಎರಡಕ್ಕೂ ಪ್ರತ್ಯೇಕ ಅರ್ಜಿ. ಇನ್ನು, ಕೀಟನಾಶಕ ಇಡುವ ಕಟ್ಟಡದಲ್ಲಿ ಮನುಷ್ಯರು ತಿನ್ನುವುದಾಗಲಿ ದನಕರು ತಿನ್ನುವುದಾಗಲಿ ಇರಕೂಡದು. ಹಿಂಡಿ, ಬೂಸಾ ಮೂಟೆಗಳನ್ನು ಅದೇ ಕೋಣೆಯಲ್ಲಿ ಒಟ್ಟಿರುವ ಅಂಗಡಿ ನಮ್ಮ ಯಾವ ತಾಲ್ಲೂಕಿನಲ್ಲಿಲ್ಲ ಹೇಳಿ! ಸುಮ್ಮನೆ ಕಿರಿಕಿರಿಗೆಂದು ಮಾಡಿದ ನಿಯಮವಲ್ಲ ಇದು. 1958ರಲ್ಲಿ ಆಹಾರ ಪದಾರ್ಥದ ಜೊತೆಗೇ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸಾಗಿಸಿ, ಅದು ಹಿಟ್ಟಿಗೆ ಬೆರೆತು ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಈ ಕಾಯ್ದೆ ಹುಟ್ಟಿದ್ದೇ ಆ ದುರಂತದ ಬೆನ್ನಿಗೆ.

ಎರಡು: ಪಿ.ಸಿ. ಸೇರಿಸುವುದು

ಲೈಸೆನ್ಸ್ ಬಂದರೆ ಎಲ್ಲ ಕಂಪನಿಯ ಮಾಲನ್ನೂ ಮಾರಬಹುದು ಎಂದಲ್ಲ. ಯಾವ ಕಂಪನಿಯ ಯಾವ್ಯಾವ ಔಷಧಿ ಎಂದು ಆ ಕಂಪನಿ ಕೊಡುವ ಪ್ರಿನ್ಸಿಪಲ್ ಸರ್ಟಿಫಿಕೇಟ್, ಎಲ್ಲರ ಬಾಯಲ್ಲಿ ‘ಪಿ.ಸಿ.’, ನಿಮ್ಮ ಲೈಸೆನ್ಸಿಗೆ ಸೇರಬೇಕು. ಮಾಲು ಮೊದಲು ಇಳಿಸಿ, ಪಿ.ಸಿ. ಆಮೇಲೆ ಕಳಿಸುತ್ತೇವೆ ಎನ್ನುವ ಸೇಲ್ಸ್‌ಮನ್ನಿಗೆ ಟೀ ಕುಡಿಸಿ ಕಳಿಸಿ.

ಮೂರು: ಮಾಲು ಇಳಿಸಿಕೊಳ್ಳುವ ಹೊತ್ತು

ಎಡವುವುದೆಲ್ಲ ಇಲ್ಲೇ. ಸಂಜೆ ಲಾರಿ ಬರುತ್ತದೆ, ಹಮಾಲಿ ಅವಸರ ಮಾಡುತ್ತಾನೆ, ಕೌಂಟರಿನಲ್ಲಿ ನಾಲ್ಕು ಜನ ರೈತರು ನಿಂತಿರುತ್ತಾರೆ. ‘ಹತ್ತು ಬಾಕ್ಸ್ ತಾನೇ, ಇಳಿಸಪ್ಪ’ ಎಂದು ಸಹಿ ಹಾಕಿಬಿಡುತ್ತೀರಿ. ಹಾಗೆ ಮಾಡದೆ ಒಂದು ಬಾಕ್ಸ್ ಒಡೆದು ಬಾಟಲಿ ಕೈಗೆತ್ತಿಕೊಳ್ಳಿ.

ಓರೆಯಾಗಿ ನಿಂತ ಚೌಕವೊಂದು ಲೇಬಲ್ ಮೇಲೆ ಕಾಣುತ್ತದೆ. ಅದರ ಕೆಳಗಿನ ತ್ರಿಕೋನ ಕೆಂಪಾಗಿದ್ದರೆ ಅತ್ಯಂತ ವಿಷ, ಹಳದಿಯಾದರೆ ಹೆಚ್ಚು, ನೀಲಿಯಾದರೆ ಮಧ್ಯಮ, ಹಸಿರಾದರೆ ಅಲ್ಪ. ಅದನ್ನು ನೋಡಿದ ಮೇಲೆ ನೋಂದಣಿ ಸಂಖ್ಯೆ ಹುಡುಕಿ, ‘ಸಿ.ಐ.ಆರ್.’ ಎಂದು ಶುರುವಾಗುತ್ತದೆ. ದೇಶದಲ್ಲಿ ಮಾರುವ ಪ್ರತಿ ಕೀಟನಾಶಕವೂ ಫರೀದಾಬಾದಿನಲ್ಲಿರುವ ಕೇಂದ್ರದ ನೋಂದಣಿ ಸಮಿತಿಯನ್ನು ದಾಟಿ ಬರಬೇಕು. ನೋಂದಣಿ ಸಿಗುವುದು ಔಷಧಿಯ ಹೆಸರಿಗಲ್ಲ, ಅದರ ರೂಪಕ್ಕೆ, ಪ್ರಮಾಣಕ್ಕೆ. ಇಮಿಡಾಕ್ಲೋಪ್ರಿಡ್ 17.8 ಎಸ್‌ಎಲ್ (ದ್ರವ) ಬೇರೆ, 70 ಡಬ್ಲ್ಯೂಜಿ (ಹರಳು) ಬೇರೆ. ಪಿ.ಸಿ.ಯಲ್ಲಿ ಮೊದಲನೆಯದು ಮಾತ್ರ ಇದ್ದು ಬಾಕ್ಸಿನಲ್ಲಿ ಎರಡನೆಯದು ಬಂದಿದ್ದರೆ ಲಾರಿಯಲ್ಲೇ ವಾಪಸ್ ಕಳಿಸಿ.

ನೋಂದಣಿ ಸಂಖ್ಯೆಯೇ ಇಲ್ಲದೆ ‘ಬಯೋ’ ಎಂಬ ಚಂದದ ಹೆಸರಿನಲ್ಲಿ ಬರುವ ಬಾಟಲಿಗಳ ವಿಷಯ ಬೇರೆಯೇ ಹೇಳಬೇಕು. ಲೇಬಲ್ಲಿನಲ್ಲಿ ಬೆಳೆ ಪ್ರಚೋದಕ ಎಂದಿರುತ್ತದೆ, ಮಾರುವವನು ಬಾಯಲ್ಲಿ ಥ್ರಿಪ್ಸ್ ಸಾಯುತ್ತದೆ ಎನ್ನುತ್ತಾನೆ. ಸೊಪ್ಪುಸದೆಯ ಕಷಾಯ ಹೊಡೆದ ರಾತ್ರಿಯೇ ಮೆಣಸಿನಕಾಯಿ ಗಿಡದ ಹುಳವೆಲ್ಲ ಉದುರಿತು ಎಂದರೆ ಒಳಗೆ ಬೇರೇನೋ ಇದೆ ಎಂದೇ ನಾನು ತಿಳಿಯುವುದು. ಲಾಭ ಎಷ್ಟೇ ಇರಲಿ, ಅದು ಅಂಗಡಿಯೊಳಗೆ ಬರಬಾರದು.

ನಿಷೇಧದ ಪಟ್ಟಿಯನ್ನೂ ಕೌಂಟರಿಗೆ ಅಂಟಿಸಿಕೊಳ್ಳಿ. 2018ರ ಕೇಂದ್ರದ ಆದೇಶದಂತೆ 2020ರ ಡಿಸೆಂಬರ್ 31ರಿಂದ ಫೋರೇಟ್, ಡೈಕ್ಲೋರ್ವಾಸ್, ಟ್ರಯಜೋಫಾಸ್ ಸೇರಿ ಆರು ಔಷಧಿಗಳು ನಿಂತಿವೆ. 2023ರ ಆದೇಶದಲ್ಲಿ ಮೆಥೊಮಿಲ್, ಡೈಕೋಫಾಲ್ ಹೋದವು. ಶುಂಠಿಗೆ ‘ಹಳೇ ಕಾಳು’, ಅಂದರೆ ಫೋರೇಟ್, ಕೊಡಿ ಎಂದು ಕೇಳುವವರು ಈಗಲೂ ಬರುತ್ತಾರೆ, ಇಲ್ಲ ಎನ್ನಿ.

ಇಷ್ಟಾದ ಮೇಲೆ ಬಿಲ್. ಬಿಲ್ಲಿನ ಬ್ಯಾಚ್ ನಂಬರ್, ಬಾಕ್ಸಿನ ಬ್ಯಾಚ್ ನಂಬರ್, ಬಾಟಲಿಯ ಬ್ಯಾಚ್ ನಂಬರ್, ಮೂರೂ ಒಂದೇ ಇರಬೇಕು. ‘ಹತ್ತಕ್ಕೆ ಒಂದು ಫ್ರೀ’ ಸ್ಕೀಮಿನಲ್ಲಿ ಬಂದ ಬಾಕ್ಸ್ ಕೂಡ ಬಿಲ್ಲಿನಲ್ಲಿ ನಮೂದಾಗಿರಲಿ, ಬೆಲೆ ಸೊನ್ನೆ ಇದ್ದರೂ ಚಿಂತೆಯಿಲ್ಲ. ಪಕ್ಕದ ಅಂಗಡಿಯಿಂದ ಎರಡು ಲೀಟರ್ ಎರವಲು ತಂದು ಮಾರುವ ಪದ್ಧತಿಯನ್ನಂತೂ ಇವತ್ತೇ ಬಿಡಿ.

ಇಷ್ಟು ಹಟ ಯಾಕೆಂದರೆ, ಮಾಲು ಕಳಪೆ ಎಂದು ತೀರ್ಮಾನವಾದಾಗ ಅದನ್ನು ತಯಾರಿಸದ ಅಂಗಡಿಯವನಿಗೆ ಕಾಯ್ದೆಯ 30ನೇ ಸೆಕ್ಷನ್ ಒಂದು ಬಾಗಿಲು ತೆರೆದಿಟ್ಟಿದೆ. ಆಗ ನೀವು ಹೇಳಬೇಕಾದ ಮಾತು ಇವು: ಲೈಸೆನ್ಸ್ ಇರುವವರಿಂದಲೇ ಕೊಂಡಿದ್ದೇನೆ. ಸಾಕಷ್ಟು ಎಚ್ಚರ ವಹಿಸಿದರೂ ದೋಷ ನನಗೆ ತಿಳಿಯುವಂತಿರಲಿಲ್ಲ. ನನ್ನಲ್ಲಿದ್ದಷ್ಟು ದಿನ ಸರಿಯಾಗಿ ಇಟ್ಟಿದ್ದೆ, ಬಂದ ಸ್ಥಿತಿಯಲ್ಲೇ ಇತ್ತು. ಈ ಮೂರನ್ನೂ ನೀವು ರುಜುವಾತು ಮಾಡಬೇಕು. ಬಿಲ್ ಇಲ್ಲದಿದ್ದರೆ ಮೊದಲನೆಯದೇ ಬಿದ್ದುಹೋಯಿತು. ಬಾಟಲಿಯನ್ನು ಶೋಕೇಸಿನ ಬಿಸಿಲಿಗೆ ಮೂರು ತಿಂಗಳು ಒಡ್ಡಿದ್ದರೆ ಮೂರನೆಯದೂ ಹೋಯಿತು. ಶೋಕೇಸಿಗೆ ಖಾಲಿ ಡಬ್ಬಿ ಇಡಿ ಸಾಕು.

ನಾಲ್ಕು: ಅವಧಿ ಮುಗಿದದ್ದು

ಎಕ್ಸ್‌ಪೈರಿ ದಾಟಿದ ಮರುದಿನವೇ ಬೇರೆ ಮಾಡಿ, ‘ಮಾರಾಟಕ್ಕಲ್ಲ’ ಎಂದು ಮುದ್ರೆ ಒತ್ತಿ, ಬೋರ್ಡ್ ಹಾಕಿದ ಪ್ರತ್ಯೇಕ ಜಾಗದಲ್ಲಿಡಿ. ಕಂಪನಿಯವರು ವಾಪಸ್ ಒಯ್ಯುತ್ತಾರೆ, ಅಲ್ಲಿಯವರೆಗೆ ಇಲ್ಲೇ ಇರಲಿ ಎಂದು ಹೊಸ ಮಾಲಿನ ಹಿಂದೆ ತಳ್ಳಿಟ್ಟರೆ ಅದೂ ಮಾರಾಟಕ್ಕಿಟ್ಟ ಮಾಲೇ ಆಗುತ್ತದೆ.

ಐದು: ಸ್ಯಾಂಪಲ್ ತೆಗೆದ ದಿನ

ಪರಿವೀಕ್ಷಕರು ಮಾದರಿ ತೆಗೆದರೆ ಗಾಬರಿಯೂ ಬೇಡ, ಜಗಳವೂ ಬೇಡ. ಮಾದರಿಯನ್ನು ಮೂರು ಪಾಲು ಮಾಡಿ ಸೀಲ್ ಹಾಕುತ್ತಾರೆ. ಸಣ್ಣ ಬಾಟಲಿಯಾದರೆ ಮೂರು ಬಾಟಲಿಗಳನ್ನೇ ತೆಗೆಯಬಹುದು. ಒಂದು ಪ್ರಯೋಗಾಲಯಕ್ಕೆ, ಒಂದು ನ್ಯಾಯಾಲಯಕ್ಕೆಂದು, ಮತ್ತೊಂದು ನಿಮಗೆ. ಆ ನಿಮ್ಮ ಪಾಲು ಕಸವಲ್ಲ. ಅವರು ಆಚೆ ಹೋದ ಮೇಲೆ ಅದನ್ನು ಶೆಲ್ಫಿಗೆ ಸೇರಿಸಿದವರನ್ನೂ, ಸೀಲ್ ಕಿತ್ತು ಮಾರಿಯೇಬಿಟ್ಟವರನ್ನೂ ನೋಡಿದ್ದೇನೆ. ಬೀಗ ಹಾಕುವ ಕಪಾಟಿನಲ್ಲಿ, ತಂಪಾದ ಕಡೆ ಇಡಿ.

ಆಮೇಲೆ ವರದಿ ಬರುತ್ತದೆ. ಕಳಪೆ ಎಂದಿದ್ದರೆ ಅಂಗಡಿಯವರು ಮೊದಲು ಮಾಡುವುದು ಡಿಸ್ಟ್ರಿಬ್ಯೂಟರಿಗೆ ಫೋನ್. ಅವರು ‘ನಾವು ನೋಡ್ಕೋತೀವಿ ಬಿಡಿ ಅಣ್ಣ’ ಎನ್ನುತ್ತಾರೆ, ಇವರು ವರದಿಯನ್ನು ಡ್ರಾಯರಿಗೆ ಹಾಕುತ್ತಾರೆ. ವರದಿ ಕೈಸೇರಿದ 28 ದಿನಗಳೊಳಗೆ, ಇದನ್ನು ಒಪ್ಪುವುದಿಲ್ಲ, ವಿರುದ್ಧ ಸಾಕ್ಷ್ಯ ಒದಗಿಸುತ್ತೇನೆ ಎಂದು ಬರವಣಿಗೆಯಲ್ಲಿ ತಿಳಿಸದಿದ್ದರೆ ಆ ವರದಿಯೇ ಅಂತಿಮ ಸಾಕ್ಷ್ಯ. ಫೋನ್ ಮಾತು ಲೆಕ್ಕಕ್ಕಿಲ್ಲ. ಬಂದ ಲಕೋಟೆಯ ಮೇಲೆ ತಾರೀಕು ಬರೆದಿಟ್ಟು, ವಕೀಲರನ್ನು ಕಂಡು, ಉತ್ತರವನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಹೀಗೆ ತಕರಾರು ಎತ್ತಿದರೆ ಮಾತ್ರ ಮಾದರಿ ಮರುಪರೀಕ್ಷೆಗೆ ಫರೀದಾಬಾದಿನ ಕೇಂದ್ರ ಪ್ರಯೋಗಾಲಯಕ್ಕೆ ಹೋಗುವ ದಾರಿ ಇರುತ್ತದೆ.

ಆರು: ರೈತರ ಕೈಗೆ

ಬಾಟಲಿ ಒಡೆದು ಅರ್ಧ ಅಳೆದು ಕ್ವಾರ್ಟರ್ ಶೀಶೆಗೆ ಹುಯ್ದು ಕೊಡಬೇಡಿ, ಕೇಳುವವರು ನಿಮ್ಮ ಸ್ವಂತ ಮಾವನೇ ಆದರೂ. ಲೇಬಲ್ಲಿನಲ್ಲಿ ಇಲ್ಲದ ಬೆಳೆಗೆ ಹೊಡೆಯಿರಿ ಎಂದು ಹೇಳಲೂಬೇಡಿ. ಕೆಂಪು ತ್ರಿಕೋನದ್ದನ್ನು ಬೀಗದೊಳಗೆ ಇಡುವುದು ನನ್ನ ಪದ್ಧತಿ, ನಿಮ್ಮದೂ ಆಗಲಿ.

ಬಿಲ್ ಮಾತ್ರ ಪ್ರತಿಯೊಬ್ಬರಿಗೂ. ಸುಗ್ಗಿಯಲ್ಲಿ ಕೊಡ್ತೀನಿ ಎಂದು ಸಾಲದ ಲೆಕ್ಕದಲ್ಲಿ ಒಯ್ಯುವವರಿಗೂ, ಚೀಟಿ ಯಾಕಣ್ಣ ಎನ್ನುವವರಿಗೂ. ಹೆಸರು, ಊರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ಅದರಲ್ಲಿರಲಿ. ಸ್ಟಾಕ್ ರಿಜಿಸ್ಟರನ್ನು ರಾತ್ರಿ ಶಟರ್ ಎಳೆಯುವ ಮೊದಲೇ ಬರೆದು ಮುಗಿಸಿ. ತಿಂಗಳ ಕೊನೆಗೆ ಕೂತು ಒಂದೇ ಪೆನ್ನಿನಲ್ಲಿ ಮೂವತ್ತು ದಿನದ್ದನ್ನು ತುಂಬಿದರೆ ನೋಡಿದವರಿಗೆ ಗೊತ್ತಾಗುತ್ತದೆ. ಬ್ಯಾಚ್ ನಂಬರಿಗೆ ಕಾಲಂ ಇಲ್ಲದ ಬಿಲ್ಲಿಂಗ್ ಸಾಫ್ಟ್‌ವೇರನ್ನು ಅಗ್ಗಕ್ಕೆ ಕೊಡುತ್ತೇವೆಂದು ಬಂದವರನ್ನು ಬಂದ ದಾರಿಯಲ್ಲೇ ಕಳಿಸಿ, ಮುದ್ರಿತ ಬಿಲ್ ಬುಕ್ಕೇ ಎಷ್ಟೋ ವಾಸಿ.