ಸ್ಕ್ರಿಪ್ಟ್ ಬರೆಯುವ ಮೊದಲು ನಿಮ್ಮ ಶೆಲ್ ಯಾವುದು ನೋಡಿಕೊಳ್ಳಿ

ದಾವಣಗೆರೆಯಲ್ಲಿ ಯುನಿಕ್ಸ್ ಲ್ಯಾಬ್ ಮಾಡುತ್ತಿರುವ ಗೆಳೆಯರಿಗೆ ಒಂದು ಸಲಹೆ. ಕಾಲೇಜಿನ ಲಿನಕ್ಸ್‌ನಲ್ಲಿ ಚೆನ್ನಾಗಿ ಓಡಿದ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್) ರೂಮಿನ ಮ್ಯಾಕ್‌ನಲ್ಲಿ ಬೇರೆ ಉತ್ತರ ಕೊಟ್ಟರೆ ಗಾಬರಿಯಾಗಬೇಡಿ. ಮೊದಲು ಶೆಲ್ ಯಾವುದು ಅಂತ ನೋಡಿ.

ನಾವು ಟೈಪ್ ಮಾಡಿದ ಕಮಾಂಡ್ ಓದಿ ಕೆಲಸ ಮಾಡಿಸುವ ಪ್ರೋಗ್ರಾಮೇ ಶೆಲ್. 1979ರ ಬೋರ್ನ್ ಶೆಲ್ ದಾರಿಯಲ್ಲೇ 1989ರಲ್ಲಿ ಬ್ಯಾಶ್ ಬಂತು. ಲಿನಕ್ಸ್‌ನಲ್ಲಿ ಜಾಸ್ತಿ ಸಿಗುವುದು ಇದೇ. ಮ್ಯಾಕ್‌ನಲ್ಲಿ 2019ರಿಂದ ಡೀಫಾಲ್ಟ್ ಆಗಿ ಬರುವುದು ಝಡ್ ಶೆಲ್.

ವ್ಯತ್ಯಾಸ ಹೀಗೆ ಕಾಣುತ್ತದೆ. ಒಂದು ಅರೇಯಲ್ಲಿ, ಅಂದರೆ ಪಟ್ಟಿಯಲ್ಲಿ, ದಾವಣಗೆರೆ, ಹರಿಹರ, ಜಗಳೂರು ಎಂದು ಹಾಕಿ, 1ನೇ ನಂಬರಿನದನ್ನು ಕೇಳಿ. ಬ್ಯಾಶ್ ಹರಿಹರ ಅನ್ನುತ್ತದೆ, ಏಕೆಂದರೆ ಅದರ ಎಣಿಕೆ 0ಯಿಂದ ಶುರು. ಝಡ್ ಶೆಲ್ 1ರಿಂದ ಎಣಿಸುತ್ತದೆ, ದಾವಣಗೆರೆ ಅನ್ನುತ್ತದೆ. ಎರಡರಲ್ಲೂ ಎರರ್ ಬರುವುದಿಲ್ಲ. ಅದೇ ಅಪಾಯ ಅಲ್ವಾ?

ಉಬುಂಟು ಎಂಬ ಲಿನಕ್ಸ್‌ನಲ್ಲಿ ಇನ್ನೊಂದು ಸಂಗತಿ ಇದೆ. ಸುಮ್ನೆ 'ಎಸ್‌ಎಚ್' ಅಂತ ಹೊಡೆದು ಫೈಲ್ ಹೆಸರು ಕೊಟ್ಟರೆ ಓಡುವುದು ಬ್ಯಾಶ್ ಅಲ್ಲ, ಡ್ಯಾಶ್ ಎಂಬ ಬೇರೆ ಶೆಲ್. ಅದು ಚಿಕ್ಕದು, ವೇಗವಾಗಿದೆ, ಆದರೆ ಅದರಲ್ಲಿ ಅರೇ ಇಲ್ಲ. ಅರೇಯ ಬ್ರಾಕೆಟ್ ಕಂಡ ಕೂಡಲೇ ಸಿಂಟ್ಯಾಕ್ಸ್ (ಬರೆಯುವ ನಿಯಮ) ಎರರ್ ಎಂದು ನಿಂತುಬಿಡುತ್ತದೆ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಬ್ಯಾಶ್ ಎಂದು ಬರೆದಿದ್ದರೂ ಹೀಗೆ ಓಡಿಸಿದರೆ ಆ ಸಾಲು ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ 'ಬ್ಯಾಶ್' ಎಂದೇ ಹೊಡೆದು ಫೈಲ್ ಹೆಸರು ಕೊಡಿ.

ಫಿಶ್ ಎಂಬ ಶೆಲ್ ಕೂಡ ಇದೆ. ಬಣ್ಣ, ಸಲಹೆ ಎಲ್ಲ ತೋರಿಸುತ್ತದೆ, ಟೈಪ್ ಮಾಡಲು ಬಲು ಹಿತ. ಆದರೆ ಅದರ ಸಿಂಟ್ಯಾಕ್ಸೇ ಬೇರೆ. ಕಲಿಯುವವರು ಸದ್ಯಕ್ಕೆ ಬ್ಯಾಶ್ ಹಿಡಿಯುವುದೇ ಒಳ್ಳೆಯದು.