ಮಳೆಗಾಲದಲ್ಲಿ ಕಬಡ್ಡಿ ಆಟಗಾರರು ಜಿಮ್ಮು, ಮ್ಯಾಟು ಎರಡನ್ನೂ ತೂಗಿಸುವುದು ಹೇಗೆ?

ನಮ್ಮ ಕರಾವಳಿಯಲ್ಲಿ ಮಳೆ ಹಿಡಿದರೆ ಹೊನಲು ಬೆಳಕಿನ ಪಂದ್ಯಾಟಗಳು ನಿಂತಂತೆಯೇ. ಈ ಮೂರು ನಾಲ್ಕು ತಿಂಗಳೇ ಬಲ ಬೆಳೆಸಿಕೊಳ್ಳುವ ಸಮಯ, ಯಾಕೆಂದರೆ ವಾರ ವಾರ ಮ್ಯಾಚ್ ಇರುವಾಗ ಭಾರದ ಸ್ಕ್ವಾಟ್ (ಹೆಗಲ ಮೇಲೆ ತೂಕ ಹೊತ್ತು ಕೂತೇಳುವುದು) ಹೊಡೆದು ಕಾಲು ನೋಯಿಸಿಕೊಂಡು ಆಡಲು ಆಗುವುದಿಲ್ಲ ಅಲ್ವಾ?

ಹಾಗಂತ ಮ್ಯಾಟ್ ಮೇಲಿನ ಆಟದ ಅಭ್ಯಾಸ ಬಿಡಬೇಡಿ. ಒಂದು ವರ್ಷ ನಾನು ಇಡೀ ಮಳೆಗಾಲ ಜಿಮ್ಮಿನಲ್ಲೇ ಕಳೆದೆ. ಸ್ಕ್ವಾಟ್ ಚೆನ್ನಾಗಿ ಏರಿತು. ಆದರೆ ಮೊದಲ ಪಂದ್ಯಾಟದಲ್ಲಿ ಎದುರಾಳಿ ಅಂಗಳದೊಳಗಿನ ಬೋನಸ್ ಗೆರೆ ದಾಟಿ ತಿರುಗುವಷ್ಟರಲ್ಲಿ ಮೂಲೆ ಕಾಯುವ ಕಾರ್ನರ್‌ನವನ ಕೈಗೆ ನನ್ನ ಆಂಕಲ್ ಸಿಕ್ಕಾಗಿತ್ತು. ಬಲ ಇತ್ತು, ಹೆಜ್ಜೆಯ ಅಳತೆಯೇ ಹೋಗಿತ್ತು.

ಮೊದಲ 6 ವಾರ ಜಿಮ್ 3 ದಿನ, ಮ್ಯಾಟ್ 2 ದಿನ ಸಾಕು. ಮ್ಯಾಟ್ ಮೇಲೆ 45 ನಿಮಿಷ ಫುಟ್‌ವರ್ಕ್, ಟೋ ಟಚ್ (ಕಾಲ್ಬೆರಳು ಚಾಚಿ ಎದುರಾಳಿಯನ್ನು ಮುಟ್ಟುವುದು), ಚೈನ್ ಅಂದರೆ ಜೊತೆಗಾರರ ಕೈ ಕೈ ಹಿಡಿದು ಓಡಾಡುವುದು, ಇಷ್ಟೇ. ಪೂರ್ತಿ ಜೋರಿನ ಟ್ಯಾಕಲ್ ಬೇಡ. ಪಂದ್ಯಾಟಕ್ಕೆ ಒಂದು ತಿಂಗಳಿರುವಾಗ ಇದನ್ನು ತಿರುಗಿಸಿ: ಮ್ಯಾಟ್ 4 ದಿನ, ಜಿಮ್ 2 ದಿನ. ಆಗ ಎತ್ತುವ ತೂಕ ಇಳಿಸಬೇಡಿ, ಸೆಟ್ ಅರ್ಧ ಮಾಡಿ. ಗಳಿಸಿದ ಬಲ ಉಳಿಯಲು ಅಷ್ಟು ಸಾಕು.

ಒಂದೇ ದಿನ ಎರಡೂ ಇದ್ದರೆ ಬೆಳಗ್ಗೆ ಮ್ಯಾಟ್, ಸಂಜೆ ಜಿಮ್, ನಡುವೆ 6 ಗಂಟೆಯಾದರೂ ಬಿಡುವು. ಕೆಲಸಕ್ಕೆ ಹೋಗುವವರಿಗೆ ಸಂಜೆ ಮಾತ್ರ ಸಿಗುತ್ತದೆ ಅಂದರೆ ಮೊದಲು ಆಟ, ಆಮೇಲೆ ಭಾರ, ಈ ಕ್ರಮ ಮಾತ್ರ ತಪ್ಪಿಸಬೇಡಿ. ತೊಡೆ ಸೋತಿರುವಾಗ ಹಠಾತ್ತನೆ ದಿಕ್ಕು ಬದಲಿಸಲು ಹೋದರೆ ಮಂಡಿ ತಿರುಚುವ ಅಪಾಯ ಜಾಸ್ತಿ, ಮಂಡಿಯ ಲಿಗಮೆಂಟ್ ಹರಿದರೆ ವರ್ಷವೇ ಹೋದೀತು. ಭಾರದ ಲೆಗ್ ವರ್ಕೌಟ್‌ನ ನೋವು ಮಾರನೇ ದಿನಕ್ಕಿಂತ ಅದರಾಚೆಯ ದಿನವೇ ಹೆಚ್ಚಿರಬಹುದು, ಹಾಗಾಗಿ ಸೋಮವಾರ ಸ್ಕ್ವಾಟ್ ಮಾಡಿದವರು ಬುಧವಾರ ಜೋರಿನ ರೈಡ್ ಇಟ್ಟುಕೊಳ್ಳಬೇಡಿ.

ಜಿಮ್ಮಿನಲ್ಲಿ ಎದೆ, ತೋಳಿಗೇ ಅಂಟಿಕೊಂಡ ಹುಡುಗರನ್ನು ನೋಡಿದರೆ ಬೇಜಾರಾಗುತ್ತದೆ. ಹಿಡಿದವರನ್ನು ಎಳೆದುಕೊಂಡು ಅಂಗಳದ ನಡುಗೆರೆ, ಅಂದರೆ ಮಿಡ್‌ಲೈನ್ ಮುಟ್ಟಿಸುವುದು ಸೊಂಟ ಮತ್ತು ತೊಡೆ. ಸ್ಕ್ವಾಟ್, ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತಿ ನಿಲ್ಲುವುದು), ಪುಲ್ ಅಪ್ ಮಾಡಿ. ತೊಡೆಯ ಹಿಂಭಾಗಕ್ಕೆ ನಾರ್ಡಿಕ್ ಕರ್ಲ್ ಬಿಡಲೇಬೇಡಿ: ಮಂಡಿಯೂರಿ, ಗೆಳೆಯ ಹಿಮ್ಮಡಿ ಒತ್ತಿ ಹಿಡಿದಿರುವಾಗ ನಿಧಾನಕ್ಕೆ ಮುಂದಕ್ಕೆ ಬಾಗುವುದು. ಹಳೇ ಟೈರಿಗೆ ಹಗ್ಗ ಕಟ್ಟಿ ಎಳೆಯುವುದೂ ಒಳ್ಳೆಯದೇ, ಒಂದು ರೈಡ್ 30 ಸೆಕೆಂಡ್ ತಾನೇ, ಅಷ್ಟೇ ಹೊತ್ತು ಎಳೆದು ನಿಲ್ಲಿಸಿ.

60 ಕೆ.ಜಿ. ವಿಭಾಗದಲ್ಲಿ ಆಡುವವರು ವಾರಕ್ಕೊಮ್ಮೆ ತೂಕ ನೋಡಿಕೊಳ್ಳಿ. ಕೊನೇ ವಾರದಲ್ಲಿ ನೀರು ಬಿಟ್ಟು ತೂಕ ಇಳಿಸಿದರೆ ಬೆಳೆಸಿಕೊಂಡ ಬಲ ಅಂಗಳಕ್ಕೆ ಬರುವುದಿಲ್ಲ.